‘ಮೊದಲೇ ಕಾಯಿಲೆ ಇತ್ತಲ್ಲ’

ಸಾವಿನ ಮನೆಗೆ ಹೋದವರು ನಮ್ಮಲ್ಲಿ ಮೊದಲು ಕೇಳುವುದು ‘ಏನಾಗಿತ್ತು?’ ಎಂದು. ಆಮೇಲೆ ಕೇಳುವುದು ‘ವಯಸ್ಸೆಷ್ಟು?’ ಎಂದು. ನಾಲ್ಕು ದಿನದ ಜ್ವರ ಎಂಬ ಉತ್ತರ ಬಂದರೆ ಕೇಳಿದವರ ಮುಖದಲ್ಲಿ ಗಾಬರಿ ಮೂಡುತ್ತದೆ. ಎಪ್ಪತ್ತು ದಾಟಿತ್ತು, ಶುಗರ್ ಬೇರೆ ಇತ್ತು ಎಂದು ಯಾರಾದರೂ ಸೇರಿಸಿದರೆ ಆ ಗಾಬರಿ ಇಳಿಯುತ್ತದೆ. ‘ಹೌದಾ, ಮೊದಲೇ ಕಾಯಿಲೆ ಇತ್ತಲ್ಲ’ ಎಂದು ಒಬ್ಬರು ಹೇಳುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ಮಾತು ಅಲ್ಲಿಗೆ ಮುಗಿಯುತ್ತದೆ.

ಈ ಮಾತಿನಲ್ಲಿ ಸುಳ್ಳಿಲ್ಲ, ಕೆಟ್ಟ ಉದ್ದೇಶವೂ ಇಲ್ಲ. ಮನೆಯವರಿಗೆ ಅದು ಸಮಾಧಾನ. ಆದದ್ದಕ್ಕೊಂದು ಕಾರಣ ಸಿಕ್ಕಿತೆಂಬ ನೆಮ್ಮದಿ. ಆದರೆ ಅದೇ ಮಾತು ಸದ್ದಿಲ್ಲದೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಆಂಬುಲೆನ್ಸ್ ಎಷ್ಟು ಹೊತ್ತಿಗೆ ಬಂತು, ಆಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕಿತೇ, ಜ್ವರವನ್ನು ಮನೆಗೆ ತಂದವರು ಯಾರು, ಶುಗರಿನ ಮಾತ್ರೆ ಎಷ್ಟು ದಿನದಿಂದ ತಪ್ಪಿತ್ತು ಎಂಬ ಪ್ರಶ್ನೆಗಳನ್ನೆಲ್ಲ ಅದು ಮುಚ್ಚಿಬಿಡುತ್ತದೆ. ಸತ್ತವರ ವಯಸ್ಸು ಮತ್ತು ಕಾಯಿಲೆಗಳು ಬದುಕಿರುವವರಿಗೆ ಬಿಡುಗಡೆಯ ಪತ್ರವಾಗುತ್ತವೆ. ಒಬ್ಬ ಮನುಷ್ಯ ದುರ್ಬಲನಾಗಿದ್ದ ಎಂಬ ಸಂಗತಿ ಅವನ ಬಗ್ಗೆ ನಮಗಿರುವ ಹೊಣೆಯನ್ನು ಕಡಿಮೆ ಮಾಡುತ್ತದೆಯೇ, ಹೆಚ್ಚಿಸುತ್ತದೆಯೇ? ಇದನ್ನು ನಾವು ಒಮ್ಮೆ ನಿಧಾನವಾಗಿ ಕೇಳಿಕೊಳ್ಳಬೇಕಾಗಿದೆ.

ಹೊನ್ನಾಳಿಯಂಥ ಊರಿನಲ್ಲಿ ಈ ಪ್ರಶ್ನೆ ಬರಿಯ ಚರ್ಚೆಯ ವಿಷಯವಾಗಿ ಉಳಿಯುವುದಿಲ್ಲ. ತುಂಗಭದ್ರೆಯ ದಂಡೆಯ ಈ ತಾಲ್ಲೂಕು 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿತ್ತು. ಆಮೇಲೆ ದಾವಣಗೆರೆಗೆ ಸೇರಿತು. ಜಿಲ್ಲೆ ಬದಲಾದರೂ ರೋಗಿಯ ದಾರಿ ಹೆಚ್ಚು ಬದಲಾಗಲಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಆಗದ ಕೇಸು ಒಂದೋ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಬೇಕು, ಇಲ್ಲವೇ ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೆ. ಎರಡೂ ಸುಮಾರು ನಲವತ್ತು–ಐವತ್ತು ಕಿಲೋಮೀಟರಿನ ದಾರಿ. ಮೂವತ್ತು ವರ್ಷದವನಿಗೆ ಅದು ಬರಿಯ ರಸ್ತೆ. ಶ್ವಾಸಕೋಶ ಸೋತ ಎಪ್ಪತ್ತರ ಹಿರಿಯರಿಗೆ ಆ ರಸ್ತೆಯೂ ಕಾಯಿಲೆಯ ಒಂದು ಭಾಗ. 2021ರ ಎರಡನೆಯ ಅಲೆಯಲ್ಲಿ ಇದೇ ತಾಲ್ಲೂಕಿನ ಅರಬಗಟ್ಟೆಯಲ್ಲಿ ಕೋವಿಡ್ ಆರೈಕೆ ಕೇಂದ್ರ ನಡೆಯಿತು. ಲಘು ಲಕ್ಷಣದವರನ್ನು ಇರಿಸಿಕೊಂಡು ನೋಡುವುದು ಅಂಥ ಕೇಂದ್ರಗಳ ಕೆಲಸ. ಉಸಿರು ಕಟ್ಟುತ್ತಿರುವವರನ್ನು ಮುಂದಕ್ಕೆ ಕಳುಹಿಸಲೇಬೇಕು. ಹಾಗೆ ಮುಂದಕ್ಕೆ ಹೋಗಬೇಕಾಗುವವರಲ್ಲಿ ಹೆಚ್ಚಿನವರು ವಯಸ್ಸಾದವರು, ಹಳೆಯ ಕಾಯಿಲೆಯವರು. ದೂರದ ಭಾರವನ್ನು ಹೊರಲು ತೀರ ಕಡಿಮೆ ಶಕ್ತಿ ಉಳ್ಳವರ ಮೇಲೆಯೇ ಅದು ಬೀಳುತ್ತದೆ.

ಕೋವಿಡ್ ಕಾಲದ ಲೆಕ್ಕಪತ್ರಗಳು ಈ ಮಾತಿಗೆ ಒಂದು ಅಧಿಕೃತ ರೂಪವನ್ನೂ ಕೊಟ್ಟವು. ದೇಶದ ಮೊದಲ ಕೋವಿಡ್ ಸಾವು ನಮ್ಮ ಕಲಬುರಗಿಯದು. 76 ವರ್ಷದ ಆ ಹಿರಿಯರು 2020ರ ಮಾರ್ಚ್ 10ರಂದು ತೀರಿಕೊಂಡರು. ಸೋಂಕು ದೃಢಪಟ್ಟದ್ದು ಎರಡು ದಿನಗಳ ಮೇಲೆ. ಅದನ್ನು ಪ್ರಕಟಿಸುವಾಗಲೇ ಕೇಂದ್ರ ಆರೋಗ್ಯ ಇಲಾಖೆ ಅವರಿಗಿದ್ದ ಬೇರೆ ಕಾಯಿಲೆಗಳ ಮಾತನ್ನೂ ಸೇರಿಸಿತ್ತು. ‘ಕೋ-ಮಾರ್ಬಿಡಿಟಿ’ ಎಂಬ, ಅಲ್ಲಿಯವರೆಗೆ ವೈದ್ಯರ ನಡುವೆ ಮಾತ್ರ ಇದ್ದ ಪದ ಹೀಗೆ ಮೊದಲ ಸಾವಿನೊಂದಿಗೇ ನಮ್ಮ ಮನೆಗಳನ್ನು ಹೊಕ್ಕಿತು. ನಂತರ ರಾಜ್ಯ ಸರ್ಕಾರದ ದಿನದ ಪ್ರಕಟಣೆಯಲ್ಲಿ ಪ್ರತಿ ಸಾವಿನ ಮುಂದೆ ವಯಸ್ಸು, ಲಕ್ಷಣ ಮತ್ತು ಜೊತೆಗಿದ್ದ ಕಾಯಿಲೆಗಳು ಬರತೊಡಗಿದವು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆ, ಮೂತ್ರಪಿಂಡದ ತೊಂದರೆ. ವೈದ್ಯಕೀಯವಾಗಿ ಅದು ಬೇಕಾದ ಮಾಹಿತಿಯೇ. ಆದರೆ ಆ ಪಟ್ಟಿಯನ್ನು ನಾವೆಲ್ಲ ಓದುತ್ತಿದ್ದ ಬಗೆಯೇ ಬೇರೆ. ಕಣ್ಣು ಹುಡುಕುತ್ತಿದ್ದದ್ದು ಒಂದನ್ನೇ: ಇವರು ನಮ್ಮಂಥವರಲ್ಲ ಎಂಬುದಕ್ಕೊಂದು ಸಾಕ್ಷಿ.

ಮೊದಲು, ಈ ಮಾತಿನಲ್ಲಿರುವ ಸತ್ಯವನ್ನು ಒಪ್ಪಿಕೊಂಡು ಮುಂದೆ ಹೋಗೋಣ. ವಯಸ್ಸು ಮತ್ತು ದೀರ್ಘಕಾಲದ ಕಾಯಿಲೆಗಳು ವೈರಾಣು ಸೋಂಕಿನ ತೀವ್ರತೆಯನ್ನು ಹೆಚ್ಚಿಸುತ್ತವೆ. ಎದೆಗೂಡಿನಲ್ಲಿ ಥೈಮಸ್ ಎಂಬ ಗ್ರಂಥಿಯಿದೆ. ಹೊಸ ರೋಗಾಣುವನ್ನು ಗುರುತಿಸಿ ಎದುರಿಸುವ ಒಂದು ಬಗೆಯ ಬಿಳಿ ರಕ್ತಕಣಗಳು ಪಳಗುವುದು ಅಲ್ಲಿ. ಹರೆಯ ಕಳೆಯುತ್ತಿದ್ದಂತೆ ಅದು ಕುಗ್ಗುತ್ತಾ ಬರುತ್ತದೆ. ಹೀಗಾಗಿ ವಯಸ್ಸಾದ ದೇಹದಲ್ಲಿ ಹಳೆಯ ರೋಗಗಳ ನೆನಪು ಹೊತ್ತ ಕಣಗಳು ಸಾಕಷ್ಟಿದ್ದರೂ ಹೊಸ ಶತ್ರುವನ್ನು ಎದುರಿಸುವ ಕಣಗಳು ವಿರಳವಾಗಿರುತ್ತವೆ. ಇದರ ಜೊತೆಗೆ ದೇಹದಲ್ಲಿ ಸಣ್ಣ ಮಟ್ಟದ ಉರಿಯೂತ ಸದಾ ಹೊಗೆಯಾಡುತ್ತಿರುತ್ತದೆ. ಸೋಂಕು ತಗುಲಿದಾಗ ದೇಹದ ಪ್ರತಿರೋಧ ತಡವಾಗಿ ಎಚ್ಚರಗೊಳ್ಳುತ್ತದೆ. ಎಚ್ಚರಗೊಂಡ ಮೇಲೆ ಹದ ಮೀರಿ ಉರಿದು ತನ್ನ ಅಂಗಗಳನ್ನೇ ಸುಡುವುದೂ ಉಂಟು. ಕೋವಿಡ್ ಲಸಿಕೆ ಬರುವ ಮೊದಲಿನ ದಿನಗಳಲ್ಲಿ, ಹೆಚ್ಚಾಗಿ ಶ್ರೀಮಂತ ದೇಶಗಳ ಅಂಕಿಗಳನ್ನು ಒಟ್ಟುಗೂಡಿಸಿ ಮಾಡಿದ ಒಂದು ಲೆಕ್ಕದಂತೆ, ಸೋಂಕಿತರಲ್ಲಿ ಸಾವಿನ ಪ್ರಮಾಣ 25ರ ವಯಸ್ಸಿನಲ್ಲಿ ಹತ್ತು ಸಾವಿರಕ್ಕೆ ಒಂದು. 55ರಲ್ಲಿ ಸಾವಿರಕ್ಕೆ ನಾಲ್ಕು. 65ರಲ್ಲಿ ಸಾವಿರಕ್ಕೆ ಹದಿನಾಲ್ಕು. 75ರಲ್ಲಿ ನೂರಕ್ಕೆ ನಾಲ್ಕೂವರೆಯಷ್ಟು. 85ರಲ್ಲಿ ನೂರಕ್ಕೆ ಹದಿನೈದು.

ದೀರ್ಘಕಾಲದ ಕಾಯಿಲೆಯದು ಇನ್ನೊಂದು ದಾರಿ. ರಕ್ತದಲ್ಲಿ ಸಕ್ಕರೆ ಏರಿದಾಗ ರೋಗಾಣುಗಳ ಮೇಲೆ ಮೊದಲು ಎರಗುವ ಬಿಳಿ ಕಣಗಳು ಮಂದವಾಗುತ್ತವೆ. ಸೋಂಕು ಮತ್ತೆ ಸಕ್ಕರೆಯನ್ನು ಏರಿಸುತ್ತದೆ. ಉರಿಯೂತ ತಗ್ಗಿಸಲು ಕೊಡುವ ಸ್ಟೀರಾಯ್ಡ್ ಅದನ್ನು ಇನ್ನೂ ಏರಿಸುತ್ತದೆ. 2021ರಲ್ಲಿ ಕೋವಿಡ್‌ನಿಂದ ಪಾರಾಗಿ ಬಂದವರಲ್ಲಿ ಅನೇಕರು ಕಪ್ಪು ಶಿಲೀಂಧ್ರಕ್ಕೆ ತುತ್ತಾಗಿ ಕಣ್ಣು ಕಳೆದುಕೊಂಡರು. ಹಿಡಿತ ತಪ್ಪಿದ ಸಕ್ಕರೆ ಅದರ ದೊಡ್ಡ ಕಾರಣಗಳಲ್ಲೊಂದು. ಹಳೆಯ ದಮ್ಮು ಇದ್ದವರ ಶ್ವಾಸಕೋಶದಲ್ಲಿ ಮೀಸಲು ಶಕ್ತಿ ಎಂಬುದೇ ಇರುವುದಿಲ್ಲ. ಹೃದಯ ದುರ್ಬಲವಾಗಿದ್ದರೆ ಜ್ವರದ ವೇಗದ ಬಡಿತವೇ ಅದಕ್ಕೆ ಹೊರೆ. ಕೆನಡಾದ ಒಂಟಾರಿಯೊ ಪ್ರಾಂತ್ಯದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಸಾಮಾನ್ಯವೆಂದು ನಾವು ತಳ್ಳಿಹಾಕುವ ಫ್ಲೂ ದೃಢಪಟ್ಟ ಮೊದಲ ವಾರದಲ್ಲಿ ಹೃದಯಾಘಾತದ ಅಪಾಯ ಸುಮಾರು ಆರು ಪಟ್ಟು ಏರುತ್ತದೆಂದು ಅದು ತೋರಿಸಿತು. ನೆಗಡಿ ಜ್ವರ ಬಂದು ಹೋದ ವಾರದಲ್ಲೇ ಹಿರಿಯರೊಬ್ಬರು ‘ಹಾರ್ಟ್ ಅಟ್ಯಾಕ್’ನಿಂದ ತೀರಿಕೊಂಡರೆ ಜ್ವರವನ್ನು ಯಾರೂ ನೆನೆಯುವುದಿಲ್ಲ.

ಆದರೆ ಈ ಸತ್ಯ ನಾವು ಅಂದುಕೊಂಡಷ್ಟು ಸರಳವಲ್ಲ. ದುರ್ಬಲರನ್ನು ಕೊಲ್ಲುವುದು ವೈರಾಣುವಿನ ನಿಯಮ ಎಂಬಂತೆ ನಾವು ಮಾತನಾಡುತ್ತೇವೆ. 1918ರ ಇನ್‌ಫ್ಲುಯೆಂಜಾ ಈ ನಿಯಮವನ್ನು ತಲೆಕೆಳಗು ಮಾಡಿತ್ತು. ಮೈಸೂರು ಸಂಸ್ಥಾನವೂ ಸೇರಿದಂತೆ ಜಗತ್ತನ್ನೆಲ್ಲ ಸುತ್ತಿದ ಆ ಪಿಡುಗಿನಲ್ಲಿ ಇಪ್ಪತ್ತರಿಂದ ನಲವತ್ತರ ನಡುವಿನ ಗಟ್ಟಿಮುಟ್ಟಾದವರೇ ಅಸಾಮಾನ್ಯ ಸಂಖ್ಯೆಯಲ್ಲಿ ಸತ್ತರು. 2009ರ ಎಚ್1ಎನ್1 ಜ್ವರದಲ್ಲಿ ವಯಸ್ಸಾದವರಿಗೆ ಸೋಂಕು ಕಡಿಮೆ ತಗುಲಿತು. ದಶಕಗಳ ಹಿಂದೆ ಅದನ್ನು ಹೋಲುವ ವೈರಾಣುವನ್ನು ಕಂಡಿದ್ದ ಅವರ ದೇಹದಲ್ಲಿ ನೆನಪು ಉಳಿದಿತ್ತು. ಆಗ ಹೆಚ್ಚು ನರಳಿದವರಲ್ಲಿ ಗರ್ಭಿಣಿಯರಿದ್ದರು, ಆಸ್ತಮಾ ಇದ್ದ ಕಿರಿಯರಿದ್ದರು. ಮಕ್ಕಳಲ್ಲಿ ಗೊತ್ತೇ ಆಗದಂತೆ ಹೋಗುವ ಒಂದು ಬಗೆಯ ಕಾಮಾಲೆ ದೊಡ್ಡವರನ್ನು ವಾರಗಟ್ಟಲೆ ಮಲಗಿಸುತ್ತದೆ. 2006ರಲ್ಲಿ ಕರ್ನಾಟಕದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳನ್ನು ಕಂಡ ಚಿಕೂನ್‌ಗುನ್ಯಾ ಎಲ್ಲ ವಯಸ್ಸಿನವರನ್ನೂ ಹಿಡಿಯಿತು. ಕಿರಿಯರಲ್ಲಿ ಅನೇಕರು ಬೇಗ ಎದ್ದು ನಡೆದರೆ ಹಿರಿಯರ ಕೀಲುಗಳಲ್ಲಿ ಅದು ತಿಂಗಳುಗಟ್ಟಲೆ ಮನೆ ಮಾಡಿತು. ಪ್ರತಿ ಸೋಂಕಿಗೂ ಅದರದೇ ಆದ ಬಲಿಪಟ್ಟಿ ಇರುತ್ತದೆ. ಇಂದು ಸುರಕ್ಷಿತ ಸಾಲಿನಲ್ಲಿ ನಿಂತವರು ನಾಳೆ ಬರುವ ಸೋಂಕಿಗೆ ಯಾವ ಸಾಲಿನವರು ಎಂಬುದು ಯಾರ ಕೈಯಲ್ಲೂ ಇಲ್ಲ.

ಇನ್ನೊಂದು ಗಂಟೂ ಇದೆ. ವಯಸ್ಸು ಎಂದರೆ ಹುಟ್ಟಿದ ವರ್ಷದ ಲೆಕ್ಕ ಮಾತ್ರವೇ? 2020ರಲ್ಲಿ ತಮಿಳುನಾಡು ಮತ್ತು ಆಂಧ್ರ ಪ್ರದೇಶದ ಕೋವಿಡ್ ದಾಖಲೆಗಳ ಮೇಲೆ ನಡೆದ ದೊಡ್ಡ ಅಧ್ಯಯನವೊಂದು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಮೆರಿಕದಲ್ಲಿ ಸತ್ತವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ 75 ದಾಟಿದವರು. ಈ ಎರಡು ರಾಜ್ಯಗಳಲ್ಲಿ ಆ ವಯಸ್ಸಿನವರ ಪಾಲು ಐದರಲ್ಲಿ ಒಂದಕ್ಕಿಂತ ಕಡಿಮೆ. ಇಲ್ಲಿ ಸಾವು ಹೆಚ್ಚಾಗಿ ಕೇಂದ್ರೀಕರಿಸಿದ್ದು 50ರಿಂದ 64ರ ನಡುವೆ. ಸತ್ತವರಲ್ಲಿ ಶೇ. 63 ಮಂದಿಗೆ ಒಂದಾದರೂ ಹಳೆಯ ಕಾಯಿಲೆ ಇತ್ತು, ಶೇ. 45ರಷ್ಟು ಮಂದಿಗೆ ಸಕ್ಕರೆ ಕಾಯಿಲೆ. ನಮ್ಮಲ್ಲಿ 75 ದಾಟುವವರೇ ಕಡಿಮೆ ಎಂಬುದು ಇದಕ್ಕೊಂದು ಕಾರಣ. ಇನ್ನೊಂದು ಕಾರಣವನ್ನು ನಾವು ಕಣ್ಣಾರೆ ಕಾಣುತ್ತೇವೆ. ನಮ್ಮಲ್ಲಿ ಐವತ್ತೈದರ ದೇಹ ಎಷ್ಟೋ ವೇಳೆ ಎಪ್ಪತ್ತರ ದೇಹ.

ಹೊನ್ನಾಳಿ, ನ್ಯಾಮತಿ, ಚನ್ನಗಿರಿಯ ಗದ್ದೆ ತೋಟಗಳಲ್ಲಿ ನಲವತ್ತು ವರ್ಷ ಬೆನ್ನು ಬಗ್ಗಿಸಿದವರನ್ನು ನೋಡಿ. ಹೊಗೆ ತುಂಬಿದ ಅಡುಗೆಮನೆಯಲ್ಲಿ ಸೌದೆ ಒಲೆ ಊದುತ್ತಾ ಮೂರು ದಶಕ ಕಳೆದ ತಾಯಂದಿರನ್ನು ನೋಡಿ. ಅವರ ಶ್ವಾಸಕೋಶದ ವಯಸ್ಸನ್ನು ಆಧಾರ್ ಕಾರ್ಡು ಹೇಳುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಹತ್ತು ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ವಯಸ್ಕರಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ರಕ್ತದೊತ್ತಡ. ಇವರಲ್ಲಿ ಅನೇಕರಿಗೆ ತಮಗೆ ಕಾಯಿಲೆ ಇರುವುದೇ ಗೊತ್ತಿಲ್ಲ. ಸುಸ್ತು, ಬಾಯಾರಿಕೆ, ವಾಸಿಯಾಗದ ಕಾಲಿನ ಗಾಯ ಎಂದು ದಿನ ದೂಡುತ್ತಾರೆ. ದಿನಗೂಲಿ ಬಿಟ್ಟು ಆಸ್ಪತ್ರೆಯ ಸಾಲಿನಲ್ಲಿ ನಿಂತರೆ ಆ ದಿನದ ಅಕ್ಕಿ ಬರುವುದಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಬಸ್ಸು ನಿಂತಾಗ, ಹೊರರೋಗಿ ವಿಭಾಗಗಳು ಮುಚ್ಚಿದಾಗ ಮಾತ್ರೆ ತಪ್ಪಿದ್ದು ಇಂಥವರಿಗೇ. ಹಾಗಾದರೆ ‘ಮೊದಲೇ ಕಾಯಿಲೆ ಇತ್ತಲ್ಲ’ ಎಂದಾಗ ನಾವು ಹೇಳುತ್ತಿರುವುದು ದೇಹದ ವಿಧಿಯನ್ನೋ, ಆ ದೇಹ ಬದುಕಿದ ಪರಿಸ್ಥಿತಿಯನ್ನೋ? ಆ ಕಾಯಿಲೆಯನ್ನು ಪತ್ತೆ ಹಚ್ಚದೆ, ಹದದಲ್ಲಿಡದೆ ಬಿಟ್ಟದ್ದು ಒಂದು ವ್ಯವಸ್ಥೆ. ಅದೇ ವ್ಯವಸ್ಥೆ ಆಮೇಲೆ ಆ ಕಾಯಿಲೆಯನ್ನೇ ತೋರಿಸಿ ಕೈ ತೊಳೆದುಕೊಂಡರೆ ಅದಕ್ಕೆ ನ್ಯಾಯವೆನ್ನಲಾಗದು.

ಕಾರಣ ಮತ್ತು ಹೊಣೆ ಎರಡೂ ಒಂದೇ ಅಲ್ಲ ಎಂಬುದನ್ನು ಸಾವಿನ ಪ್ರಮಾಣಪತ್ರವೇ ನಮಗೆ ಕಲಿಸುತ್ತದೆ. ಸಾವಿನ ಕಾರಣವನ್ನು ವೈದ್ಯರು ಬರೆಯುವ ನಮೂನೆಯಲ್ಲಿ ಎರಡು ಭಾಗಗಳಿವೆ. ಮೊದಲ ಭಾಗದಲ್ಲಿ ನೇರ ಕಾರಣ ಮತ್ತು ಅದರ ಹಿಂದಿನ ಮೂಲ ಕಾರಣವನ್ನು ಬರೆಯಬೇಕು. ಸಾವಿಗೆ ನೆರವಾದ ಆದರೆ ನೇರವಾಗಿ ತಂದಿರದ ಸ್ಥಿತಿಗಳಿಗೆ ಎರಡನೆಯ ಭಾಗ. ಕೋವಿಡ್‌ನಿಂದ ಸತ್ತವರಲ್ಲಿದ್ದ ಸಕ್ಕರೆ ಕಾಯಿಲೆ, ಆಸ್ತಮಾ ಮೊದಲಾದವನ್ನು ಮೂಲ ಕಾರಣವೆಂದು ಬರೆಯಬಾರದು, ಎರಡನೆಯ ಭಾಗದಲ್ಲಿ ಬರೆಯಬೇಕು ಎಂದು 2020ರಲ್ಲೇ ವೈದ್ಯಕೀಯ ಸಂಶೋಧನಾ ಮಂಡಳಿ ಮಾರ್ಗದರ್ಶನ ನೀಡಿತ್ತು. ಇದು ಬರಿಯ ಗುಮಾಸ್ತಗಿರಿಯ ನಿಯಮವೆಂದು ತಳ್ಳಿಹಾಕುವಂತಿಲ್ಲ; ಅದರೊಳಗೆ ಒಂದು ವಿವೇಕವಿದೆ. ಹದಿನೈದು ವರ್ಷದಿಂದ ಶುಗರಿನೊಂದಿಗೆ ಬದುಕುತ್ತಿದ್ದ ಮನುಷ್ಯ ಈ ಸೋಂಕು ತಗುಲದಿದ್ದರೆ ಇನ್ನೂ ಹತ್ತು ವರ್ಷ ಬದುಕಬಹುದಿತ್ತು. ಶುಗರ್ ಅವನನ್ನು ದುರ್ಬಲಗೊಳಿಸಿತ್ತು, ನಿಜ. ಆದರೆ ಆ ವಾರ ಅವನನ್ನು ಕರೆದೊಯ್ದದ್ದು ಬೇರೆಯದು.

ಎರಡನೆಯ ಭಾಗದ ಸಂಗತಿಯನ್ನು ಮೊದಲ ಭಾಗಕ್ಕೆ ಎಳೆದು ತಂದರೆ ಏನಾಗುತ್ತದೆ ಎಂಬುದನ್ನು ಚಾಮರಾಜನಗರ ತೋರಿಸಿತು. 2021ರ ಮೇ 2 ಮತ್ತು 3ರ ನಡುವೆ ಅಲ್ಲಿನ ಜಿಲ್ಲಾ ಆಸ್ಪತ್ರೆಯಲ್ಲಿ ಇಪ್ಪತ್ತನಾಲ್ಕು ಗಂಟೆಯೊಳಗೆ 24 ರೋಗಿಗಳು ಸತ್ತರು. ಎಲ್ಲರೂ ಆಮ್ಲಜನಕದ ಕೊರತೆಯಿಂದಲೇ ಸತ್ತರೆಂದು ಹೇಳಲಾಗದು, ಅನೇಕರಿಗೆ ಬೇರೆ ಕಾಯಿಲೆಗಳಿದ್ದವು ಎಂಬ ವಿವರಣೆ ಮೊದಲ ದಿನವೇ ಬಂತು. ಮುಂದೆ ಹೈಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡರ ನೇತೃತ್ವದ ಸಮಿತಿ ಆಮ್ಲಜನಕದ ಕೊರತೆಯಿಂದಲೇ ಸಾವುಗಳಾದವೆಂಬ ನಿರ್ಣಯಕ್ಕೆ ಬಂತು. ಕೋವಿಡ್ ವಾರ್ಡಿನಲ್ಲಿ ಮಲಗಿದವರಲ್ಲಿ ಅನೇಕರಿಗೆ ಹಳೆಯ ಕಾಯಿಲೆ ಇರುವುದು ಸಹಜ. ಆ ಕಾರಣಕ್ಕೇ ಅವರು ಅಲ್ಲಿ ಮಲಗಿದ್ದರು, ಆ ಕಾರಣಕ್ಕೇ ಅವರಿಗೆ ಆಮ್ಲಜನಕ ಬೇಕಾಗಿತ್ತು. ನೀರು ಬೇಕಾದವನಿಗೆ ನೀರು ಕೊಡದೆ ಇದ್ದು, ಅವನಿಗೆ ಮೊದಲೇ ಬಾಯಾರಿಕೆ ಇತ್ತು ಎಂದು ಹೇಳುವ ತರ್ಕ ಇದು.

ಇಂಗ್ಲಿಷ್ ಕಾನೂನಿನಲ್ಲಿ ಒಂದು ಹಳೆಯ ತತ್ತ್ವವಿದೆ. ಒಬ್ಬನ ಅಜಾಗರೂಕತೆಯಿಂದ ಇನ್ನೊಬ್ಬನ ತಲೆಗೆ ಪೆಟ್ಟಾಯಿತು ಎಂದುಕೊಳ್ಳೋಣ. ಪೆಟ್ಟು ಬಿದ್ದವನ ತಲೆಬುರುಡೆ ಹುಟ್ಟಿನಿಂದಲೇ ಮೊಟ್ಟೆಯ ಚಿಪ್ಪಿನಂತೆ ತೆಳುವಾಗಿತ್ತು. ಬೇರೆಯವರಾಗಿದ್ದರೆ ಬರಿ ಬುಗುಟು ಬರುತ್ತಿತ್ತು, ಇವನು ಸತ್ತೇಹೋದ. ಪೆಟ್ಟು ಕೊಟ್ಟವನು ‘ಅವನ ಬುರುಡೆ ಅಷ್ಟು ತೆಳು ಎಂದು ನನಗೇನು ಗೊತ್ತು?’ ಎಂದು ಪಾರಾಗುವಂತಿಲ್ಲ. ಎದುರಿಗಿದ್ದವನು ಹೇಗಿದ್ದನೋ ಹಾಗೆಯೇ ಅವನನ್ನು ಒಪ್ಪಿಕೊಂಡು ಹೊಣೆ ಹೊರಬೇಕು. ನ್ಯಾಯಾಲಯದ ಹೊರಗೂ ಈ ಮಾತು ಸಲ್ಲುತ್ತದೆ. ನಾವು ಬದುಕುವುದು ಒಂದೇ ಅಳತೆಗೆ ಎರಕ ಹೊಯ್ದ ದೇಹಗಳ ನಡುವೆ ಅಲ್ಲ. ಒಂದೇ ಮನೆಯಲ್ಲಿ ಇಪ್ಪತ್ತರ ಮೊಮ್ಮಗ, ಇನ್ಸುಲಿನ್ ಚುಚ್ಚಿಕೊಳ್ಳುವ ಮಗ, ದಮ್ಮಿನ ಅಜ್ಜಿ ಒಟ್ಟಿಗೆ ಇರುತ್ತಾರೆ. ಮೊಮ್ಮಗನಿಗೆ ಎರಡು ದಿನದ ನೆಗಡಿಯಾಗುವ ವೈರಾಣು ಅಜ್ಜಿಗೆ ಆಸ್ಪತ್ರೆಯ ದಾರಿ. ಇದು ಗೊತ್ತಿಲ್ಲದಿದ್ದರೆ ಬೇರೆ ಮಾತು. 2020ರ ನಂತರ ಇದು ಗೊತ್ತಿಲ್ಲ ಎನ್ನುವವರು ನಮ್ಮಲ್ಲಿ ಯಾರೂ ಉಳಿದಿಲ್ಲ.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ, ಅದನ್ನು ಬದಿಗೆ ಸರಿಸುವುದು ಪ್ರಾಮಾಣಿಕತೆಯಲ್ಲ. ಹಾಸಿಗೆ ಒಂದೇ ಇದ್ದು ರೋಗಿಗಳು ಇಬ್ಬರಿದ್ದರೆ ಏನು ಮಾಡಬೇಕು? ಮೂವತ್ತರವನ ಮುಂದೆ ನಲವತ್ತು ವರ್ಷಗಳ ಬದುಕಿದೆ. ಅವನ ಮಕ್ಕಳಿನ್ನೂ ಶಾಲೆಯಲ್ಲಿವೆ. ಎಂಬತ್ತರವರು ತುಂಬು ಜೀವನ ಕಂಡಿದ್ದಾರೆ. ಕಿರಿಯನನ್ನು ಉಳಿಸುವುದೇ ನ್ಯಾಯವಲ್ಲವೇ? 2020ರ ಮಾರ್ಚ್‌ನಲ್ಲಿ ಇಟಲಿಯ ತೀವ್ರನಿಗಾ ವೈದ್ಯರ ಸಂಘ ಇದೇ ಸಂಕಟವನ್ನು ಎದುರಿಸಿ, ತೀವ್ರನಿಗಾ ಘಟಕದ ಪ್ರವೇಶಕ್ಕೆ ವಯಸ್ಸಿನ ಮಿತಿ ಹಾಕಬೇಕಾಗಿ ಬರಬಹುದೆಂದು ತನ್ನ ಸಲಹೆಯಲ್ಲಿ ಬರೆಯಿತು. ಅದನ್ನು ಬರೆದವರು ಕ್ರೂರಿಗಳಲ್ಲ. ನಿದ್ದೆಯಿಲ್ಲದೆ ದುಡಿಯುತ್ತಿದ್ದ ವೈದ್ಯರು ಅವರು. ಎಷ್ಟೋ ಹಿರಿಯರೂ ತಮ್ಮ ಪಾಲನ್ನು ಕಿರಿಯರಿಗೆ ಬಿಟ್ಟುಕೊಡಲು ಸಿದ್ಧರಿರುತ್ತಾರೆ. ನಮ್ಮ ಮನೆಗಳಲ್ಲಿ ಅಜ್ಜಿಯರು ತಟ್ಟೆಯ ಮುಂದೆ ಜೀವನವಿಡೀ ಮಾಡಿದ್ದು ಇದನ್ನೇ.

ಈ ಆಕ್ಷೇಪದಲ್ಲಿ ಒಂದು ಅಂಶ ಒಪ್ಪತಕ್ಕದ್ದು. ಈ ಚಿಕಿತ್ಸೆಯಿಂದ ಯಾರು ಬದುಕುವ ಸಂಭವ ಹೆಚ್ಚು ಎಂದು ಹಾಸಿಗೆಯ ಪಕ್ಕದಲ್ಲಿ ನಿಂತು ಅಳೆಯುವುದು ವೈದ್ಯರ ಕರ್ತವ್ಯ; ಆ ಅಳತೆಯಲ್ಲಿ ವಯಸ್ಸೂ ಕಾಯಿಲೆಯೂ ಬಂದೇ ಬರುತ್ತವೆ. ಆದರೆ ‘ಇವರು ಬದುಕುವ ಸಂಭವ ಕಡಿಮೆ’ ಎಂಬ ಮಾತಿಗೂ ‘ಇವರ ಬದುಕಿನ ಬೆಲೆ ಕಡಿಮೆ’ ಎಂಬ ಮಾತಿಗೂ ನಡುವೆ ಒಂದು ಹೊಳೆಯೇ ಹರಿಯುತ್ತದೆ. ಮೊದಲನೆಯದು ಒಬ್ಬ ರೋಗಿಯ ದೇಹವನ್ನು ಪರೀಕ್ಷಿಸಿದ ಮೇಲೆ ಬರುವ ತೀರ್ಮಾನ. ಎರಡನೆಯದು ಹುಟ್ಟಿದ ದಿನಾಂಕ ನೋಡಿದೊಡನೆ ಬರುವಂಥದು. ತ್ಯಾಗದ ಮಾತೂ ಹಾಗೆಯೇ. ಹಿರಿಯರು ತಾವಾಗಿ ಬಿಟ್ಟುಕೊಟ್ಟರೆ ಅದು ಅವರ ದೊಡ್ಡತನ. ಅವರ ಪರವಾಗಿ ನಾವು ಬಿಟ್ಟುಕೊಟ್ಟರೆ ಅದಕ್ಕೆ ತ್ಯಾಗವೆಂಬ ಹೆಸರು ಸಲ್ಲದು. ಹಾಸಿಗೆ ಒಂದೇ ಉಳಿಯುವಂಥ ಸ್ಥಿತಿಯೂ ಆಕಾಶದಿಂದ ಬಿದ್ದದ್ದಲ್ಲ. ತಾಲ್ಲೂಕು ಕೇಂದ್ರದಲ್ಲಿ ಎಷ್ಟು ಆಮ್ಲಜನಕದ ಹಾಸಿಗೆ ಇರಬೇಕು, ಎಷ್ಟು ವೈದ್ಯರಿರಬೇಕು ಎಂಬುದನ್ನು ಮನುಷ್ಯರೇ, ಪಿಡುಗಿಗೆ ಎಷ್ಟೋ ವರ್ಷ ಮೊದಲೇ ತೀರ್ಮಾನಿಸಿರುತ್ತಾರೆ. ಕೊನೆಯ ಗಳಿಗೆಯ ಆಯ್ಕೆಯನ್ನು ವೈದ್ಯರ ಆತ್ಮಸಾಕ್ಷಿಗೆ ಬಿಟ್ಟು, ಮೊದಲಿನ ತೀರ್ಮಾನಗಳ ಬಗ್ಗೆ ಮೌನ ವಹಿಸುವುದು ಸಮಾಜಕ್ಕೆ ಅನುಕೂಲಕರ, ಅಷ್ಟೇ.

ಇದೇ ಸಂಗತಿಯಿಂದ ತದ್ವಿರುದ್ಧ ತೀರ್ಮಾನಕ್ಕೂ ಬರಬಹುದೆಂಬುದನ್ನು ನಮ್ಮ ದೇಶವೇ ತೋರಿಸಿದೆ. 2021ರ ಜನವರಿಯಲ್ಲಿ ಆರೋಗ್ಯ ಸಿಬ್ಬಂದಿಯಿಂದ ಲಸಿಕೆ ಆರಂಭವಾಯಿತು. ಸಾರ್ವಜನಿಕರ ಸರದಿ ಮಾರ್ಚ್ 1ರಂದು ಬಂದಾಗ ಮೊದಲು ಕರೆದದ್ದು 60 ದಾಟಿದವರನ್ನು, ಮತ್ತು 45ರಿಂದ 59ರ ನಡುವಿನ, ನಿಗದಿತ 20 ಬಗೆಯ ಕಾಯಿಲೆಗಳಲ್ಲಿ ಒಂದಾದರೂ ಇದ್ದವರನ್ನು. ಅಲ್ಲಿಯವರೆಗೆ ಸಾವಿನ ಪಟ್ಟಿಯಲ್ಲಿ ಮನುಷ್ಯನ ಹೆಸರಿಗೆ ಅಂಟಿಕೊಂಡಿದ್ದ ಕಾಯಿಲೆ ಅಂದು ಸಾಲಿನ ಮುಂದಕ್ಕೆ ಬರುವ ಹಕ್ಕಾಯಿತು. ಸಂಗತಿ ಬದಲಾಗಿರಲಿಲ್ಲ: ಇವರಿಗೆ ಅಪಾಯ ಹೆಚ್ಚು ಎಂಬುದೇ ಆಗಲೂ ಈಗಲೂ ಇದ್ದ ಸಂಗತಿ. ‘ಆದ್ದರಿಂದ ಹೋಗಲಿ ಬಿಡಿ’ ಎಂಬಲ್ಲಿ ‘ಆದ್ದರಿಂದ ಮೊದಲು ಇವರು’ ಎಂದು ನಾವು ಓದಿದೆವು. ವಿಜ್ಞಾನ ‘ಆದ್ದರಿಂದ’ ಎಂಬಲ್ಲಿಗೆ ತಂದು ನಿಲ್ಲಿಸುತ್ತದೆ. ಅದರ ಮುಂದಿನ ಪದವನ್ನು ಬರೆಯುವುದು ನಮ್ಮ ನೀತಿಪ್ರಜ್ಞೆ.

ಧರ್ಮಗಳಿಗೂ ಈ ಓದು ಹೊಸದಲ್ಲ. ರಮಝಾನ್ ಉಪವಾಸವನ್ನು ಕಡ್ಡಾಯಗೊಳಿಸಿದ ಕುರ್‌ಆನ್ ಅಲ್ಲಿಯೇ ರೋಗಿಗಳಿಗೂ ಪ್ರಯಾಣಿಕರಿಗೂ ರಿಯಾಯಿತಿ ಕೊಡುತ್ತದೆ. ಉಪವಾಸ ಹಿಡಿಯಲು ಆಗದಷ್ಟು ವೃದ್ಧರಾದವರು ಅದರ ಬದಲು ಬಡವರಿಗೆ ಉಣಿಸಬಹುದು. ಗಮನಿಸಬೇಕಾದದ್ದು ಈ ರಿಯಾಯಿತಿಯ ಸ್ವರೂಪವನ್ನು. ದುರ್ಬಲರನ್ನು ಅದು ಸಮುದಾಯದಿಂದ ಹೊರಗಿಡುವುದಿಲ್ಲ. ಅವರ ದೇಹದ ಮಿತಿಯನ್ನು ಒಪ್ಪಿಕೊಂಡು, ಅವರ ಪಾಲಿಗೊಂದು ಬೇರೆ ದಾರಿ ಕೊಟ್ಟು ಒಳಗೇ ಇಟ್ಟುಕೊಳ್ಳುತ್ತದೆ. ಎಲ್ಲರಿಗೂ ಒಂದೇ ನಿಯಮ ಹಾಕುವುದು ಸಮಾನತೆ ಎಂದು ತಿಳಿದವರು ಇದನ್ನು ಯೋಚಿಸಬೇಕು.

ಕೋವಿಡ್ ಕಾಲದ ನಮ್ಮ ಕಾಳಜಿ ಎಷ್ಟೋ ಸಲ ತಪ್ಪಿದ್ದೂ ಇಲ್ಲಿಯೇ. 2020ರ ಜೂನ್‌ನಲ್ಲಿ ಮಸೀದಿ, ಮಂದಿರ, ಚರ್ಚುಗಳು ಮತ್ತೆ ತೆರೆದಾಗ 65 ದಾಟಿದವರೂ ಹಳೆಯ ಕಾಯಿಲೆಯವರೂ ಮನೆಯಲ್ಲೇ ಇರಬೇಕೆಂದು ಸರ್ಕಾರ ಸಲಹೆ ಕೊಟ್ಟಿತು. ಆ ದಿನಗಳಿಗೆ ಅದು ಸರಿಯಾದ ಸಲಹೆಯೇ. ಆದರೆ ಐದು ಹೊತ್ತು ಮಸೀದಿಗೆ ನಡೆಯುವುದೇ ವ್ಯಾಯಾಮವೂ ಸ್ನೇಹವೂ ಆಗಿದ್ದ ಹಿರಿಯರಿಗೆ, ಸಂಜೆ ದೇವಸ್ಥಾನದ ಕಟ್ಟೆಯೇ ಜಗತ್ತಾಗಿದ್ದವರಿಗೆ ಮನೆಯ ನಾಲ್ಕು ಗೋಡೆಯೊಳಗೆ ನಾವು ಬದಲಿಗೆ ಏನು ಕೊಟ್ಟೆವು? ಬಾಗಿಲ ಹೊರಗಿಟ್ಟ ತಟ್ಟೆ, ದೂರದಿಂದ ಒಂದು ಮಾತು. ಅವರ ಜೀವ ಕಾಯುವ ಭರದಲ್ಲಿ ಅವರನ್ನೇ ಒಂದು ಮಾತು ಕೇಳುವುದನ್ನು ಅನೇಕ ಮನೆಗಳು ಮರೆತವು. ದುರ್ಬಲ ದೇಹವೆಂದರೆ ದುರ್ಬಲ ಬುದ್ಧಿಯಲ್ಲ. ಯಾವ ಅಪಾಯವನ್ನು ಎಷ್ಟರ ಮಟ್ಟಿಗೆ ಎದುರಿಸಿ ಬದುಕಬೇಕೆಂಬ ತೀರ್ಮಾನದಲ್ಲಿ ಆ ದೇಹದೊಳಗಿರುವ ಮನುಷ್ಯನಿಗೇ ಮೊದಲ ಮಾತು ಸಲ್ಲಬೇಕು. ಕಾಯುವುದೆಂದರೆ ಕೂಡಿಹಾಕುವುದಲ್ಲ.

ಹಾಗಾದರೆ ಈ ಹೊಣೆ ದಿನನಿತ್ಯದಲ್ಲಿ ಯಾವ ರೂಪ ತಾಳಬೇಕು? ಅದು ದೊಡ್ಡ ತ್ಯಾಗವನ್ನೇನೂ ಕೇಳುವುದಿಲ್ಲ. ಮಳೆಗಾಲದಲ್ಲಿ, ಚಳಿಗಾಲದಲ್ಲಿ ಫ್ಲೂ ಹರಡುವಾಗ ಕೆಮ್ಮುತ್ತಿರುವವರು ಬಾಣಂತಿ ನೋಡಲು, ಹಿರಿಯರ ಆರೋಗ್ಯ ವಿಚಾರಿಸಲು ಹೋಗದೆ ನಾಲ್ಕು ದಿನ ತಡೆಯುವುದು. ಮನೆಯೊಳಗೇ ಇರಬೇಕಾದರೆ ಮಾಸ್ಕ್ ಹಾಕಿ ಕಿಟಕಿ ತೆರೆಯುವುದು. ಮದುವೆಗೆ ಬಾರದ ಹಿರಿಯರ ಬಗ್ಗೆ ಮುನಿಸಿಕೊಳ್ಳದೆ ಇರುವುದು. ವಯಸ್ಸಾದವರಲ್ಲಿ ಸೋಂಕು ಎಷ್ಟೋ ಸಲ ಜ್ವರವಿಲ್ಲದೆಯೇ ಬರುತ್ತದೆ; ಇದ್ದಕ್ಕಿದ್ದಂತೆ ಊಟ ಬಿಡುವುದು, ಮಂಕಾಗುವುದು, ಮಾತು ತಡವರಿಸುವುದು, ನಡೆಯುತ್ತಾ ಬೀಳುವುದು ಅದರ ಮೊದಲ ಗುರುತಾಗಿರಬಹುದು. ‘ವಯಸ್ಸಾಯಿತು, ಹಾಗೇ’ ಎಂದು ಬಿಡದೆ ಅಂದೇ ವೈದ್ಯರಿಗೆ ತೋರಿಸಿದರೆ ಎರಡು ದಿನದ ಮುನ್ನಡೆ ಸಿಗುತ್ತದೆ. ಆಸ್ಪತ್ರೆ ಐವತ್ತು ಕಿಲೋಮೀಟರ್ ದೂರವಿರುವ ಊರಿನಲ್ಲಿ ಆ ಎರಡು ದಿನಕ್ಕೆ ಬೆಲೆ ಕಟ್ಟಲಾಗದು. ಪ್ರತಿ ವರ್ಷದ ಫ್ಲೂ ಲಸಿಕೆ ಮತ್ತು ನ್ಯುಮೋನಿಯಾ ತಡೆಯುವ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಬಹುದು. ಮೂವತ್ತು ದಾಟಿದವರು ವರ್ಷಕ್ಕೊಮ್ಮೆಯಾದರೂ ಬಿ.ಪಿ., ಶುಗರ್ ನೋಡಿಸಿಕೊಳ್ಳಬಹುದು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಅದಕ್ಕೆ ಹಣ ಬೇಕಿಲ್ಲ. ನಮ್ಮ ಜಮಾಅತ್‌ಗಳು, ಮಠಗಳು, ಯುವಕ ಸಂಘಗಳು ಹಬ್ಬದ ಶಾಮಿಯಾನಕ್ಕೆ ತೋರುವ ಉತ್ಸಾಹದಲ್ಲಿ ಒಂದು ಪಾಲನ್ನು ಇಂಥ ತಪಾಸಣೆಗೆ, ಒಂಟಿ ಹಿರಿಯರ ಮನೆಗೆ ತಿಂಗಳ ಮಾತ್ರೆ ತಲುಪಿಸುವುದಕ್ಕೆ ಇಟ್ಟರೆ ಅದು ಯಾವ ಪುಣ್ಯಕಾರ್ಯಕ್ಕೂ ಕಡಿಮೆಯಲ್ಲ.

ಆಳುವವರನ್ನು ಕೇಳಬೇಕಾದದ್ದೂ ಇದೆ. ಪ್ರತಿ ಪಿಡುಗಿನ ನಂತರ ಸಾವಿನ ಲೆಕ್ಕ ಬರುತ್ತದೆ. ಅದರಲ್ಲಿ ವಯಸ್ಸು ಮತ್ತು ಕಾಯಿಲೆಯ ಜೊತೆಗೆ ಇನ್ನೆರಡು ಅಂಕಣಗಳಿರಲಿ: ಆಸ್ಪತ್ರೆ ತಲುಪಲು ಹಿಡಿದ ಸಮಯ ಎಷ್ಟು, ಹಳೆಯ ಕಾಯಿಲೆಗೆ ನಿಯಮಿತ ಚಿಕಿತ್ಸೆ ಸಿಗುತ್ತಿತ್ತೇ. ಆಗ ಆ ಪಟ್ಟಿ ಸತ್ತವರ ದೌರ್ಬಲ್ಯವನ್ನಷ್ಟೇ ಅಲ್ಲ, ನಮ್ಮ ವ್ಯವಸ್ಥೆಯ ದೌರ್ಬಲ್ಯವನ್ನೂ ಹೇಳುತ್ತದೆ.

ವಯಸ್ಸಾಗುವುದು ಅಪರಾಧವಲ್ಲ, ಬದುಕಿ ಉಳಿದವರೆಲ್ಲರೂ ತಲುಪುವ ಊರು ಅದು. ದೀರ್ಘಕಾಲದ ಕಾಯಿಲೆಯೂ ಇಂದಿನ ದಿನಗಳಲ್ಲಿ ಯಾರೋ ಕೆಲವರ ದುರದೃಷ್ಟವಾಗಿ ಉಳಿದಿಲ್ಲ. ಮನೆಗೊಂದರಂತೆ ಶುಗರಿನ ಡಬ್ಬಿ ಬಂದು ಕುಳಿತಿದೆ. ಹಿರಿಯರ, ರೋಗಿಗಳ ಜೀವಕ್ಕೆ ಇಂದು ನಾವು ಕಟ್ಟುವ ಬೆಲೆಯನ್ನೇ ನಾಳೆ ನಮ್ಮ ಮಕ್ಕಳು ನಮ್ಮ ಜೀವಕ್ಕೆ ಕಟ್ಟುತ್ತಾರೆ. ಮುಂದಿನ ಸಲ ಸಾವಿನ ಮನೆಯಲ್ಲಿ ಆ ಮಾತು ನಾಲಿಗೆಯ ತುದಿಗೆ ಬಂದಾಗ ಅದನ್ನು ಪೂರ್ತಿ ಹೇಳೋಣ: ಮೊದಲೇ ಕಾಯಿಲೆ ಇತ್ತು, ಹಾಗಾಗಿ ಇವರನ್ನು ನಾವು ಇನ್ನಷ್ಟು ಜೋಪಾನವಾಗಿ ನೋಡಿಕೊಳ್ಳಬೇಕಿತ್ತು. ಈ ಎರಡನೆಯ ಅರ್ಧ ಕೇಳಲು ಹಿತವಲ್ಲ. ಆದರೆ ಮನೆಯಲ್ಲಿ ಇನ್ನೂ ಬದುಕಿರುವ ಹಿರಿಯರಿಗೆ ಉಪಯೋಗಕ್ಕೆ ಬರುವುದು ಅದೇ.